ಮುಂದಿನ ಕಾರಿಗೆ ದಾರಿ ಗೊತ್ತಿರಬೇಕೆಂದಿಲ್ಲ

ಮ್ಯಾರಥಾನ್‌ಗೆ ಹೆಸರು ನೋಂದಾಯಿಸುವಾಗ, ಶುಲ್ಕ ಕಟ್ಟುವ ಗುಂಡಿಗೆ ಸ್ವಲ್ಪ ಮೇಲೆ ಒಂದು ಪುಟ್ಟ ಚೌಕವಿರುತ್ತದೆ. ಷರತ್ತುಗಳನ್ನೆಲ್ಲ ಓದಿ ಒಪ್ಪಿದ್ದೇನೆ ಎಂದು ಅದರಲ್ಲಿ ಗುರುತು ಹಾಕದ ಹೊರತು ಹಣ ಕಟ್ಟಿಸಿಕೊಳ್ಳುವುದಿಲ್ಲ. ಆ ಷರತ್ತುಗಳನ್ನು ನಿಜಕ್ಕೂ ಓದಿದ ಮಹನೀಯರನ್ನು ನಾನಿನ್ನೂ ಕಂಡಿಲ್ಲ. ಓದಿದ್ದರೆ ಹಲವು ದೊಡ್ಡ ಓಟಗಳ ಷರತ್ತುಗಳಲ್ಲಿ ಒಂದು ಸಾಲು ತಪ್ಪದೆ ಸಿಗುತ್ತಿತ್ತು: ಓಟದ ಮಾರ್ಗವನ್ನು ಮುಂಚಿತವಾಗಿ ತಿಳಿದುಕೊಂಡು ಅದರಂತೆಯೇ ಓಡುವುದು ಓಟಗಾರನ ಹೊಣೆ. ಇನ್ನು ಓಟದ ದಿನ ಅದೇ ಓಟಗಾರನ ಮುಂದೆ, ದಾರಿ ತೋರಿಸಲೆಂದೇ, ಒಂದು ಕಾರು ಹೋಗುತ್ತದೆ. ಅದರ ನೆತ್ತಿಯ ಮೇಲೆ ದೊಡ್ಡ ಗಡಿಯಾರ, ಬಾಗಿಲ ಮೇಲೆ ಪ್ರಾಯೋಜಕರ ಹೆಸರು, ಒಳಗೆ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಂದಿಬ್ಬರು ಗಣ್ಯರು. ಓಟಗಾರನಿಗೆ ದಾರಿ ತಿಳಿದಿರಬೇಕು, ಕಾರು ಅವನಿಗೆ ದಾರಿ ತೋರಿಸಬೇಕು. ಇವೆರಡೂ ಒಂದಕ್ಕೊಂದು ತಾಳೆಯಾಗುವ ದಿನ ಕಾರಿನ ಅಗತ್ಯವೇ ಇರುವುದಿಲ್ಲ. ತಾಳೆಯಾಗದ ದಿನ ಕಾರಿನ ತಪ್ಪೇ ಇರುವುದಿಲ್ಲ.

ಇಷ್ಟರಿಂದಲೇ ಸಂಘಟಕರು ಬೇಜವಾಬ್ದಾರಿಗಳೆಂದು ತಿಳಿಯುವುದು ಅನ್ಯಾಯವಾದೀತು. ಮಾರ್ಗವನ್ನು ಅಳೆಯುವ ವಿಷಯದಲ್ಲಿ ಅವರಷ್ಟು ನಿಷ್ಠುರರು ನಮ್ಮ ಸರ್ವೆ ಇಲಾಖೆಯಲ್ಲಿಯೂ ಸಿಗಲಾರರು. ಸೈಕಲ್ಲಿನ ಮುಂದಿನ ಚಕ್ರಕ್ಕೆ ಸುತ್ತುಗಳನ್ನು ಎಣಿಸುವ ಸಾಧನ ಕಟ್ಟಿ, ಉಕ್ಕಿನ ಟೇಪಿನಿಂದ ಅಳೆದಿಟ್ಟ ನೇರ ರಸ್ತೆಯಲ್ಲಿ ಅದನ್ನು ಮೊದಲು ಪರೀಕ್ಷಿಸಿ, ಬಳಿಕ ತಿರುವಿನಲ್ಲೆಲ್ಲ ರಸ್ತೆಯ ಅಂಚಿನಿಂದ 30 ಸೆಂಟಿಮೀಟರ್ ಒಳಗೆ ಸಾಗುತ್ತ, ಓಡಬಹುದಾದ ಅತಿ ಹತ್ತಿರದ ದಾರಿ ಯಾವುದೋ ಅದನ್ನೇ ಹಿಡಿದು ಇಡೀ ಮಾರ್ಗವನ್ನು ಅಳೆಯುತ್ತಾರೆ. ಅಷ್ಟಾದರೂ ಸಮಾಧಾನವಾಗದೆ ಕಿಲೋಮೀಟರಿಗೆ ಒಂದು ಮೀಟರಿನಂತೆ ಹೆಚ್ಚುವರಿಯಾಗಿ ಸೇರಿಸುವುದರಿಂದ, 42.195 ಕಿ.ಮೀ. ಓಟಕ್ಕೆ ಸುಮಾರು 42 ಮೀಟರ್ ಕೊಸರು ಬೀಳುತ್ತದೆ. ಇಷ್ಟೆಲ್ಲ ತಪಸ್ಸು ಮಾಡಿ, ಪ್ರಮಾಣಪತ್ರ ಪಡೆದು, ಮೊಳಕ್ಕೆ ಮೊಳ ಸರಿಯಾಗಿ ಸಿದ್ಧಪಡಿಸಿದ ದಾರಿಯನ್ನು ಓಟದ ದಿನ ಬೆಳಿಗ್ಗೆ ಯಾರ ಕೈಗೆ ಒಪ್ಪಿಸುತ್ತಾರೆಂದರೆ, ಮುಂದಿನ ವಾಹನದ ಸ್ಟೀರಿಂಗ್ ಹಿಡಿದ ಪುಣ್ಯಾತ್ಮನ ಕೈಗೆ.

2017ರ ಅಕ್ಟೋಬರ್ 22ರಂದು ವೆನಿಸ್ ಮ್ಯಾರಥಾನಿನಲ್ಲಿ ಅಂಥದೊಬ್ಬ ಪುಣ್ಯಾತ್ಮ ಮೋಟಾರ್ ಸೈಕಲ್ ಮೇಲಿದ್ದ. ಕಾಲುವೆಗಳ ಆ ನಗರದಲ್ಲಿ ದಾರಿ ತಪ್ಪುವುದು ಪ್ರವಾಸಿಗರ ಹಕ್ಕೇ ಸರಿ. ಆದರೆ ಇಲ್ಲಿ ತಪ್ಪಿದ್ದು ದ್ವೀಪದ ಗಲ್ಲಿಗಳನ್ನು ಮುಟ್ಟುವ ಮೊದಲೇ, ಮುಖ್ಯಭೂಮಿಯ ಅಗಲ ರಸ್ತೆಯಲ್ಲಿ, ಸುಮಾರು 25ನೆಯ ಕಿಲೋಮೀಟರಿನ ಹೊತ್ತಿಗೆ. ಮುಂಚೂಣಿಯಲ್ಲಿದ್ದ ಆಫ್ರಿಕಾದ ಓಟಗಾರರು ಮೋಟಾರ್ ಸೈಕಲನ್ನು ನಂಬಿ ಹಿಂಬಾಲಿಸಿ, ಕೆಲವು ನೂರು ಮೀಟರ್ ಹೋದ ಮೇಲೆ ಯಾರೋ ಕೂಗಿ ಹೇಳಿದ್ದರಿಂದ ಹಿಂದಿರುಗಿದರು. ಅಷ್ಟರಲ್ಲಿ ಅವರ ಹಿಂದಿದ್ದ ಇಟಲಿಯ ಎಯೋಬ್ ಫನಿಯೆಲ್ ಸರಿಯಾದ ದಾರಿಯಲ್ಲಿ ಮುಂದೆ ಸಾಗಿದ್ದರು. 2 ಗಂಟೆ 12 ನಿಮಿಷ 16 ಸೆಕೆಂಡಿನಲ್ಲಿ ಅವರೇ ಗೆದ್ದರು. ಆ ಓಟವನ್ನು ಇಟಲಿಯವರೊಬ್ಬರು ಗೆದ್ದು ಎರಡು ದಶಕಕ್ಕೂ ಹೆಚ್ಚು ಕಾಲವಾಗಿತ್ತಂತೆ. ಫನಿಯೆಲ್ ಅವರದ್ದು ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಅವರ ಅದೃಷ್ಟವೆಲ್ಲ ಇದ್ದದ್ದು ಮಾರ್ಗದರ್ಶಕರಿಂದ ಸಾಕಷ್ಟು ದೂರ ಇದ್ದುದರಲ್ಲಿ.

ಮುಂದಿರುವವನನ್ನು ನಂಬುವುದು ಓಟಗಾರರ ದೌರ್ಬಲ್ಯವೆಂದು ಸಮಿತಿಗಳು ಹೇಳುವುದುಂಟು. ಈ ವಾದಕ್ಕೆ ದೊಡ್ಡ ಆಧಾರವಾಗಿರುವುದು 2013ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸಂಡರ್ಲೆಂಡ್‌ನಲ್ಲಿ ನಡೆದ ‘ಮ್ಯಾರಥಾನ್ ಆಫ್ ದಿ ನಾರ್ತ್’. ಅಲ್ಲಿ ಮೊದಲನೆಯವನು ಸರಿಯಾದ ದಾರಿಯಲ್ಲಿಯೇ ಹೋದ. ಎಷ್ಟೋ ಹಿಂದಿದ್ದ ಎರಡನೆಯವನೂ ಮೂರನೆಯವನೂ ಬೇರೆ ಕಡೆ ತಿರುಗಿದರು. ಅವರ ಬೆನ್ನಿಗೆ ಸುಮಾರು ಐದು ಸಾವಿರ ಜನ ತಿರುಗಿದರು. ಊರಿಗೆ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ ಎಂಬ ಗಾದೆ ನಮ್ಮಲ್ಲಿದೆ. ಸಂಡರ್ಲೆಂಡ್‌ನಲ್ಲಿ ಎಡವಟ್ಟಾದದ್ದು ಊರು, ದಾರಿ ಸಿಕ್ಕಿದ್ದು ಒಬ್ಬನಿಗೆ. ಉಳಿದವರೆಲ್ಲರೂ 264 ಮೀಟರ್ ಕಡಿಮೆ ಓಡಿದ್ದರಿಂದ, ಅಂದು ಪೂರ್ತಿ ಮ್ಯಾರಥಾನ್ ಮುಗಿಸಿದವನು ಜಗತ್ತಿನ ಕಣ್ಣಿಗೆ ಅವನೊಬ್ಬನೇ. ತಿರುವಿನಲ್ಲಿ ನಿಂತು ಕೈ ತೋರಿಸಬೇಕಾದವರು ಕೈ ತೋರಿಸಿದ್ದರೆ ಆ ಐದು ಸಾವಿರ ಜನಕ್ಕೆ ಯಾರ ಬೆನ್ನನ್ನೂ ನಂಬುವ ಪ್ರಮೇಯವೇ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಅಲ್ಲಿಯ ಸುದ್ದಿ ಕೇಳಿದವರು ಐದು ಸಾವಿರ ಜನ ದಾರಿ ತಪ್ಪಿದರು ಎಂದೇ ಹೇಳುತ್ತಾರೆ, ಒಂದು ತಿರುವು ತಪ್ಪಿತು ಎಂದು ಯಾರೂ ಹೇಳುವುದಿಲ್ಲ.

ಕಡಿಮೆ ಓಡಿಸಿದರೆ ಜನ ರೇಗುತ್ತಾರೆಂಬುದನ್ನು ಅರಿತೋ ಏನೋ, 2015ರ ನವೆಂಬರ್‌ನಲ್ಲಿ ಬ್ಯಾಂಕಾಕಿನ ಸಂಘಟಕರು ಹೆಚ್ಚು ಓಡಿಸಿ ನೋಡಿದರು. 21 ಕಿ.ಮೀ. ಚಿಲ್ಲರೆಯ ಹಾಫ್ ಮ್ಯಾರಥಾನಿಗೆಂದು ಬಂದವರು ಹಿಂದಿರುಗಬೇಕಾದ ತಿರುವನ್ನು ತಪ್ಪು ಜಾಗದಲ್ಲಿ ಇಟ್ಟಿದ್ದರಿಂದ ಸುಮಾರು 27 ಕಿ.ಮೀ. ಓಡಿ ಬಂದರು. ಸಂಘಟಕರು ಕ್ಷಮೆ ಕೇಳಿ, ನೆನಪಿಗೆ ವಿಶೇಷ ಟೀ ಶರ್ಟ್ ಕೊಡುವುದಾಗಿ ಹೇಳಿದರು. ಹೊಣೆಯನ್ನು ಹೊರುವುದಕ್ಕೆ ಟೀ ಶರ್ಟಿಗಿಂತ ಹಗುರವಾದ ವಸ್ತು ಈ ಕ್ರೀಡೆಯಲ್ಲಿ ಇನ್ನೊಂದಿಲ್ಲ. ಇಷ್ಟಾದರೂ ತಪ್ಪು ತಮ್ಮದೆಂದು ಒಪ್ಪಿದ್ದಕ್ಕಾಗಿ ಬ್ಯಾಂಕಾಕಿನವರನ್ನು ನಾನು ಮೆಚ್ಚುತ್ತೇನೆ.

ಒಪ್ಪಿಕೊಂಡೂ ಏನೂ ಮಾಡದಿರುವ ಕಲೆ ಬೇರೆಯೇ ಇದೆ, ಅದನ್ನು ಕಲಿಯಬೇಕಾದರೆ ಅಟ್ಲಾಂಟಾಕ್ಕೆ ಹೋಗಬೇಕು. 2026ರ ಮಾರ್ಚ್ 1ರಂದು ಅಲ್ಲಿ ನಡೆದ ಅಮೆರಿಕದ ರಾಷ್ಟ್ರೀಯ ಹಾಫ್ ಮ್ಯಾರಥಾನಿನಲ್ಲಿ, ಗುರಿ ಇನ್ನೇನು ಹತ್ತಿರ ಬಂತು ಎನ್ನುವಾಗ, ಮುಂದಿದ್ದ ಮೂವರು ಮಹಿಳೆಯರು ಮುಂದಿನ ವಾಹನವನ್ನು ಹಿಂಬಾಲಿಸಿ ಮಾರ್ಗದಿಂದ ಹೊರಗೆ ಹೋದರು. ಹಿಂದಿನವರು ಮೊದಲಾದರು. ಮೇಲ್ಮನವಿಯನ್ನು ಕೇಳಿದ ತೀರ್ಪುಗಾರರ ಮಂಡಳಿ, ದಾರಿ ತಪ್ಪಿದ ಜಾಗದಲ್ಲಿ ಮಾರ್ಗವನ್ನು ಸರಿಯಾಗಿ ಗುರುತಿಸಿರಲಿಲ್ಲವೆಂಬುದನ್ನು ಕಂಡುಕೊಂಡಿತು; ಕಂಡುಕೊಂಡ ಮೇಲೆ, ಆದರೂ ಫಲಿತಾಂಶವನ್ನು ಬದಲಿಸಲು ನಿಯಮಪುಸ್ತಕದಲ್ಲಿ ಅವಕಾಶವಿಲ್ಲವೆಂಬುದನ್ನೂ ಕಂಡುಕೊಂಡಿತು. ಅಂದರೆ ನಿಯಮ ಮುರಿದವರು ಸಂಘಟಕರು, ನಿಯಮಕ್ಕೆ ತಲೆಬಾಗಬೇಕಾದವರು ಓಟಗಾರ್ತಿಯರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆಯಲ್ಲಿ ಮೇಕೆಗೆ ಮೇಲ್ಮನವಿಯ ಅವಕಾಶವಾದರೂ ಇರಲಿಲ್ಲ; ಇಲ್ಲಿ ಮೇಲ್ಮನವಿ ಕೇಳಿ, ಮೊಸರು ತಿಂದದ್ದು ಕೋತಿಯೇ ಹೌದೆಂದು ಬರೆದು, ಮೇಕೆಯ ಬಾಯಿ ಒರೆಸಲು ಮಾತ್ರ ಅವಕಾಶವಿಲ್ಲವೆಂದು ಷರಾ ಹಾಕಿದರು.

ಇದು ಇಂದು ನಿನ್ನೆಯ ಸಂಪ್ರದಾಯವೂ ಅಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣದೊಳಗೆ ಬಂದವರು ದಣಿವಿನ ಮಂಪರಿನಲ್ಲಿ ತಪ್ಪು ದಿಕ್ಕಿಗೆ ತಿರುಗಿದರು. ಅಧಿಕಾರಿಗಳು ಓಡಿ ಬಂದು ದಿಕ್ಕು ತೋರಿಸಿದರು, ಬಿದ್ದಾಗಲೆಲ್ಲ ಎತ್ತಿ ನಿಲ್ಲಿಸಿದರು, ಗುರಿ ಮುಟ್ಟಿಸಿದರು. ಹಾಗೆ ಸಹಾಯ ಪಡೆದದ್ದು ನಿಯಮಬಾಹಿರವೆಂದು ಪಿಯೆಟ್ರಿಯನ್ನು ಅನರ್ಹಗೊಳಿಸಿ, ಚಿನ್ನವನ್ನು ಅಮೆರಿಕದ ಜಾನಿ ಹೇಯ್ಸ್‌ಗೆ ಕೊಡಲಾಯಿತು. ಸಹಾಯ ಮಾಡಿದ ಅಧಿಕಾರಿಗಳನ್ನು ಯಾರೂ ಅನರ್ಹಗೊಳಿಸಲಿಲ್ಲ. ಅದಕ್ಕೂ ನಾಲ್ಕು ವರ್ಷ ಹಿಂದೆ, 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ, ದಕ್ಷಿಣ ಆಫ್ರಿಕಾದ ಲೆನ್ ತೌನ್ಯಾನೆಯವರನ್ನು ನಾಯಿಯೊಂದು ಮಾರ್ಗದಿಂದ ಸುಮಾರು ಒಂದು ಮೈಲಿ ಆಚೆಗೆ ಅಟ್ಟಿಸಿಕೊಂಡು ಹೋಗಿತ್ತು. ಆದರೂ ಅವರು ಒಂಬತ್ತನೆಯವರಾಗಿ ಬಂದರು. ಮ್ಯಾರಥಾನಿನ ಇತಿಹಾಸದಲ್ಲಿ ಓಟಗಾರನನ್ನು ದಾರಿ ತಪ್ಪಿಸಿದ ಎಲ್ಲರ ಪೈಕಿ ತನ್ನ ಉದ್ದೇಶವನ್ನು ಮರೆಮಾಚದ ಪ್ರಾಣಿ ಆ ನಾಯಿಯೊಂದೇ.

ನಮ್ಮ ಬೆಂಗಳೂರು ಈ ಪರಂಪರೆಗೆ ಸೇರ್ಪಡೆಯಾದದ್ದು 2015ರ ಅಕ್ಟೋಬರ್ 18ರಂದು, ಬ್ಯಾಂಕಾಕಿಗಿಂತ ಸರಿಯಾಗಿ ನಾಲ್ಕು ವಾರ ಮುಂಚೆ. ಅಂದಿನ ಬೆಂಗಳೂರು ಮ್ಯಾರಥಾನಿನಲ್ಲಿ ಮುಂಚೂಣಿಯಲ್ಲಿದ್ದ ಓಟಗಾರರು ಪೈಲಟ್ ವಾಹನದ ಹಿಂದೆಯೇ ಓಡಿ ಸುಮಾರು ನಾಲ್ಕು ಕಿಲೋಮೀಟರ್ ಆಚೆ ಹೋಗಿಬಿಟ್ಟರು. ತಾವಿರುವುದು ಓಟದ ಮಾರ್ಗವಲ್ಲವೆಂದು ಅರಿವಾದಾಗ ಕೈಯಲ್ಲಿ ಕಾಸಿಲ್ಲ. ಓಟದ ಚಡ್ಡಿಗೆ ಜೇಬಿದ್ದರೂ ಅದರಲ್ಲಿ ಜೆಲ್ ಪೊಟ್ಟಣ ಇರುತ್ತದೆಯೇ ಹೊರತು ಹಣವಿರುವುದಿಲ್ಲ. ದಾರಿಹೋಕರಿಂದ ಹಣ ಪಡೆದು, ಮೆಟ್ರೊ ಹತ್ತಿ ಅವರು ಹಿಂದಿರುಗಬೇಕಾಯಿತು. ಎದೆಯ ಮೇಲೆ ನಾಲ್ಕು ಪಿನ್ನಿನಲ್ಲಿ ಸಿಕ್ಕಿಸಿದ ಬಿಬ್ ನಂಬರ್, ಮೈಯೆಲ್ಲ ಬೆವರು, ಭಾನುವಾರದ ಬೆಳಗಿನ ಮೆಟ್ರೊ ಬೋಗಿಯಲ್ಲಿ ಕಂಬ ಹಿಡಿದು ನಿಂತ ದೇಶದ ಮುಂಚೂಣಿಯ ಓಟಗಾರರು: ಅವರನ್ನು ಕಂಡ ಪ್ರಯಾಣಿಕರು ಸೀಟು ಬಿಟ್ಟುಕೊಟ್ಟರೋ, ಬೆವರಿಗೆ ಹೆದರಿ ದೂರ ಸರಿದರೋ, ದಾಖಲೆಯಿಲ್ಲ. ಒಂದು ಮಾತು ಮಾತ್ರ ನಿಜ. ಆ ಹೊತ್ತಿಗೆ ಆ ನಗರದಲ್ಲಿ ದಾರಿ ತಪ್ಪುವ ಭಯವಿಲ್ಲದೆ ಹತ್ತಬಹುದಾಗಿದ್ದ ವಾಹನವೆಂದರೆ, ಹಳಿಯ ಮೇಲೆ ಹೋಗುವ ಅದೊಂದೇ.

ಇಂಥ ಪ್ರಕರಣದ ಹೊಣೆ ಯಾರದೆಂದು ನಮ್ಮಲ್ಲಿ ಶಾಸ್ತ್ರೋಕ್ತವಾಗಿ ವಿಚಾರಣೆ ನಡೆಸಿದರೆ ಕಡತ ಹೇಗೆ ಸಾಗೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಸಂಘಟನಾ ಸಮಿತಿಯು ಮಾರ್ಗ ನಿರ್ವಹಣೆಯನ್ನು ಹೊರಗುತ್ತಿಗೆಗೆ ಕೊಟ್ಟಿರುವುದಾಗಿ ತಿಳಿಸುತ್ತದೆ. ಗುತ್ತಿಗೆ ಸಂಸ್ಥೆಯು ತಾನು ಒದಗಿಸಿದ್ದು ವಾಹನ ಮಾತ್ರ, ದಾರಿಯನ್ನಲ್ಲ ಎಂದು ಬಿಲ್ಲಿನ ಪ್ರತಿಯನ್ನು ಲಗತ್ತಿಸುತ್ತದೆ. ಚಾಲಕನನ್ನು ಕೇಳಿದರೆ, ಹಿಂದಿನ ಸೀಟಿನಲ್ಲಿ ಕುಳಿತಿದ್ದ ಸಾಹೇಬರು ನೇರ ಹೋಗು ಎಂದರು, ಹೋದೆ ಎನ್ನುತ್ತಾನೆ. ಸಾಹೇಬರನ್ನು ಕೇಳಿದರೆ, ತಾವು ಹಿಂದಕ್ಕೆ ತಿರುಗಿ ಕ್ಯಾಮೆರಾದವರ ಕಡೆ ನೋಡುತ್ತಿದ್ದುದಾಗಿ ಹೇಳಿಕೆ ಕೊಡುತ್ತಾರೆ. ತಿರುವಿನಲ್ಲಿ ನಿಂತಿದ್ದ ಸ್ವಯಂಸೇವಕಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಂದ ಕಾಲೇಜು ಹುಡುಗಿ, ಅವಳಿಗೆ ಕೊಟ್ಟದ್ದು ಒಂದು ಹಳದಿ ಟೀ ಶರ್ಟ್, ಒಂದು ಪೊಟ್ಟಣ ಉಪ್ಪಿಟ್ಟು, ಮತ್ತು ‘ಇಲ್ಲೇ ನಿಂತಿರಮ್ಮಾ’ ಎಂಬ ಒಂದೇ ಸೂಚನೆ. ಅವಳು ಅಲ್ಲೇ ನಿಂತಿದ್ದಳು. ಸಂಚಾರ ಪೊಲೀಸರು ತಮ್ಮ ಕೆಲಸ ವಾಹನಗಳನ್ನು ತಡೆಯುವುದಾಗಿತ್ತೆಂದೂ, ಪೈಲಟ್ ವಾಹನಕ್ಕೆ ಪಾಸ್ ಇದ್ದುದರಿಂದ ತಡೆಯಲಿಲ್ಲವೆಂದೂ ತಿಳಿಸುತ್ತಾರೆ. ಪ್ರಾಯೋಜಕರು ತಮ್ಮ ಹೆಸರು ನಾಲ್ಕು ಕಿಲೋಮೀಟರ್ ಹೆಚ್ಚಿನ ರಸ್ತೆಯಲ್ಲಿ ಜನರ ಕಣ್ಣಿಗೆ ಬಿದ್ದಿರುವುದರಿಂದ ಯಾವ ಆಕ್ಷೇಪಣೆಯೂ ಇಲ್ಲವೆನ್ನುತ್ತಾರೆ. ಹೀಗೆ ಎಲ್ಲ ಮೇಜುಗಳ ಮೇಲೂ ಹಾದು ಬಂದ ಕಡತಕ್ಕೆ ಕೊನೆಗೆ ಉಳಿಯುವುದು ಯಾವ ಗುತ್ತಿಗೆಯೂ ಪಾಸೂ ಇಲ್ಲದ, ಷರತ್ತುಗಳಿಗೆ ಒಪ್ಪಿ ಗುರುತು ಹಾಕಿರುವುದಕ್ಕೆ ಪಕ್ಕಾ ದಾಖಲೆಯಿರುವ ಏಕೈಕ ವ್ಯಕ್ತಿ.

ಆ ಓಟಗಾರನ ಪರವಾಗಿ ಸಾಕ್ಷಿ ಹೇಳಬಹುದಾಗಿದ್ದ, ಅವನ ಸಮಯವನ್ನು ದಾಖಲಿಸುವ ಟೈಮಿಂಗ್ ಚಿಪ್ ಕೂಡ ಬಾಯಿ ಬಿಡುವುದಿಲ್ಲ. ನಿಗದಿಯಾದ ಜಾಗಗಳಲ್ಲಿ ಹಾಸಿದ ಮ್ಯಾಟ್ ತುಳಿದರೆ ಮಾತ್ರ ಅದು ಎಣಿಸುತ್ತದೆ. ಮ್ಯಾಟ್ ಇಲ್ಲದ ರಸ್ತೆಯಲ್ಲಿ ಓಡಿದ್ದನ್ನು ಓಟವೆಂದೇ ಅದು ಪರಿಗಣಿಸುವುದಿಲ್ಲ. ಆದ್ದರಿಂದ ವಿಚಾರಣಾ ವರದಿಯಲ್ಲಿ ಅವನು ಹೆಚ್ಚುವರಿ ದೂರ ಓಡಿದನೆಂಬುದಕ್ಕೆ ಪುರಾವೆ ಇರದೆ, ಓಟವನ್ನು ಮುಗಿಸಲಿಲ್ಲವೆಂಬುದಕ್ಕೆ ಮಾತ್ರ ಪುರಾವೆ ಇರುತ್ತದೆ. ಉದಾರ ಮನಸ್ಸಿನ ಅಧಿಕಾರಿಯೊಬ್ಬರು ಸಿಕ್ಕಿ, ಬಹುಮಾನ ಹೋಗಲಿ, ಕನಿಷ್ಠ ಮೆಟ್ರೊ ಖರ್ಚನ್ನಾದರೂ ಮರುಪಾವತಿ ಮಾಡೋಣವೆಂದು ಟಿಪ್ಪಣಿ ಬರೆದರೆ, ಲೆಕ್ಕಪತ್ರ ಶಾಖೆಯವರು ಪ್ರಯಾಣದ ಮೂಲ ಚೀಟಿಯನ್ನು ಕೇಳುತ್ತಾರೆ. ಮೆಟ್ರೊ ಟೋಕನನ್ನೋ ನಿಲ್ದಾಣದಿಂದ ಹೊರಗೆ ಬರುವಾಗ ಗೇಟಿನ ಸೀಳಿನೊಳಗೆ ಹಾಕಿಯೇ ಬರಬೇಕು. ಚೀಟಿ ಇಲ್ಲದ್ದರಿಂದ ಬಿಲ್ ವಾಪಸ್ ಬರುತ್ತದೆ, ಮತ್ತು ಪ್ರಯಾಣಕ್ಕೆ ಮುನ್ನ ಪೂರ್ವಾನುಮತಿ ಪಡೆದಿರಲಿಲ್ಲವೇಕೆ ಎಂದು ವಿವರಣೆ ಕೇಳಿ ಓಟಗಾರನಿಗೊಂದು ನೋಟಿಸ್ ಹೋಗುತ್ತದೆ.