‘ಆಜಾದಿ’ ಅರಬ್ಬಿ ಪದವಲ್ಲ

ಆಜಾದಿ ಅನ್ನುವುದು ಅರಬ್ಬಿ ಪದ ಎಂಬ ಮೆಸೇಜ್ ಒಂದು ಓಡಾಡುತ್ತಿದೆ. ಇದು ತಪ್ಪು. ಅರಬ್ಬಿಯಲ್ಲಿ ಸ್ವಾತಂತ್ರ್ಯಕ್ಕೆ ‘ಹುರ್ರಿಯಾ’ ಅನ್ನುತ್ತಾರೆ. ಸುದ್ದಿಯಲ್ಲಿ ಕೇಳುವ ‘ಹುರಿಯತ್’ ಅದೇ ಪದ. ಆಜಾದಿ ಪಾರ್ಸಿಯದು, ಅಂದರೆ ಇರಾನಿನ ಪರ್ಷಿಯನ್ ಭಾಷೆಯದು. ಇಸ್ಲಾಂ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಇರಾನಿ ಭಾಷೆಗಳಲ್ಲೇ ಅದರ ಬೇರಿದೆ.

ಈ ಬೇರು ಸ್ವಲ್ಪ ಮಜವಾಗಿದೆ. ಜರತುಷ್ಟ್ರ ಧರ್ಮದ ಹಳೆಯ ಗ್ರಂಥ ಅವೆಸ್ತಾದ ‘ಆಜಾತ’ ಅಂದರೆ ಒಳ್ಳೆಯ ಕುಲದಲ್ಲಿ ಹುಟ್ಟಿದವನು. ಇದರಲ್ಲಿರುವ ‘ಜಾತ’ ನಮಗೆ ಗೊತ್ತಿರುವ ಸಂಸ್ಕೃತದ ‘ಜಾತ’ದ ನಂಟೇ, ಹುಟ್ಟಿದ ಅಂತ ಅರ್ಥ. ಸಂಸ್ಕೃತದ ‘ಜ’ ಬರುವ ಕಡೆ ಇರಾನಿ ಭಾಷೆಗಳಲ್ಲಿ ಎಷ್ಟೋ ಸಲ ‘ಜ಼’ (ಇಂಗ್ಲಿಷಿನ z ಸದ್ದು) ಬರುತ್ತದೆ. ಮೊಣಕಾಲಿಗೆ ಸಂಸ್ಕೃತದಲ್ಲಿ ಜಾನು, ಪಾರ್ಸಿಯಲ್ಲಿ ಜ಼ಾನು. ‘ಶಹಜಾದೆ’ಯಲ್ಲಿರುವ ‘ಜಾದೆ’ಯೂ ಇದೇ, ರಾಜನಿಗೆ ಹುಟ್ಟಿದವನು. ಅಂದರೆ ಆಜಾದ್ ಮೊದಲು ಕುಲೀನ, ಆಮೇಲೆ ಯಾರ ಗುಲಾಮನೂ ಅಲ್ಲದವನು. ಅರ್ಮೇನಿಯನ್ ಭಾಷೆ ಇದನ್ನು ‘ಅಜಾತ್’ ಎಂದು ಎರವಲು ಪಡೆಯಿತು. ಅಲ್ಲಿ ಹಿಂದೆ ಅದು ಕುಲೀನರ ಒಂದು ವರ್ಗದ ಹೆಸರೇ ಆಗಿತ್ತು.

ಇಂಗ್ಲಿಷಿನ ‘ಫ್ರೀ’ ಕೂಡ ಹೀಗೇ. ಅದು ಸಂಸ್ಕೃತದ ‘ಪ್ರಿಯ’ದ ನಂಟು. ಪ್ರಿಯನಾದವನು ನಮ್ಮವನು, ಹಾಗಾಗಿ ಗುಲಾಮನಲ್ಲ. ಸ್ವಾತಂತ್ರ್ಯ ಆಗ ಎಲ್ಲರ ಹಕ್ಕಾಗಿರಲಿಲ್ಲ, ಅಲ್ವಾ?

ಈಗ ಕೆಲವರು ಉತ್ತರವಾಗಿ ‘ಹಾಗಾದರೆ ಆಜಾದಿ ಸಂಸ್ಕೃತ ಪದ’ ಎಂದು ಸುಮ್ನೆ ಹಂಚುತ್ತಿದ್ದಾರೆ. ಅದೂ ಸರಿಯಲ್ಲ. ಸಂಸ್ಕೃತ, ಪಾರ್ಸಿ ಒಂದೇ ಮೂಲದಿಂದ ಬಂದ ಅಕ್ಕತಂಗಿಯರು. ಒಂದರಿಂದ ಇನ್ನೊಂದು ಈ ಪದವನ್ನು ಪಡೆದಿಲ್ಲ. ಸುಭಾಷ್ ಚಂದ್ರ ಬೋಸರ 1943ರ ‘ಆಜಾದ್ ಹಿಂದ್’ ಸರ್ಕಾರದ ಹೆಸರಿಗೂ ಆಜಾದ್ ಬಂದಿದ್ದು ಪಾರ್ಸಿಯಿಂದಲೇ, ಹಿಂದೂಸ್ತಾನಿಯ ಮೂಲಕ.