ಪ್ರಶ್ನೆ ಕೇಳಿ ಅಂದರೆ ಯಾಕೆ ಮೌನ?
ಕಂಪನಿ ಕಾರ್ಯಕ್ರಮಗಳಲ್ಲಿ ಜನರನ್ನು ಹಿಡಿದಿಡಲು ಆಟ, ಬಹುಮಾನ ಜಾಸ್ತಿ ಇರಲಿ ಎಂದು ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ನಿಜವಾದ ತೊಂದರೆ ಇರುವುದು ಪ್ರಶ್ನೋತ್ತರದಲ್ಲಿ. 'ಯಾರಿಗಾದರೂ ಪ್ರಶ್ನೆ ಇದೆಯಾ?' ಎಂದ ಕೂಡಲೇ ಎಲ್ಲರ ತಲೆಯೂ ಮೊಬೈಲ್ ಕಡೆ ಬಾಗುತ್ತದೆ. ಮುಂದಿನ ಸಾಲಲ್ಲಿ ಬಾಸ್ ಕೂತಿದ್ದರೆ ಯಾರು ತಾನೇ ಬಾಯಿ ಬಿಡುತ್ತಾರೆ, ಅಲ್ವಾ? ಮೊದಲು ಪಕ್ಕದವರ ಜೊತೆ 2 ನಿಮಿಷ ಮಾತಾಡಲು ಬಿಡಿ. ಆಮೇಲೆ ಅದಕ್ಕೆಂದೇ ಇರುವ ಆ್ಯಪ್ ಮೂಲಕ, ಹೆಸರು ಹೇಳದೆ ಫೋನಿನಿಂದಲೇ ಪ್ರಶ್ನೆ ಕಳಿಸುವ ಹಾಗೆ ಮಾಡಿ. ಹೆಚ್ಚು ಜನ ಲೈಕ್ ಒತ್ತಿದ ಪ್ರಶ್ನೆ ಪರದೆಯಲ್ಲಿ ಮೇಲಕ್ಕೆ ಬರುತ್ತದೆ. ಎಲ್ಲರ ಕಣ್ಣೆದುರು ಅದನ್ನು ಹಾರಿಸಿ ಹೋಗುವುದು ಕಷ್ಟ. ಇನ್ನು ಭಾಷಣದ ವಿಷಯ. ಜಗತ್ಪ್ರಸಿದ್ಧ ಭಾಷಣ ವೇದಿಕೆ ಟೆಡ್‌ನಲ್ಲೇ (TED) ಒಂದು ಭಾಷಣಕ್ಕೆ ಮಿತಿ 18 ನಿಮಿಷ. ಇಲ್ಲಿ ಊಟ ಆದ ಮೇಲೆ ಒಂದು ಗಂಟೆ ಸ್ಲೈಡ್ ಓದುತ್ತಾರೆ! ಸುಮ್ನೆ ಮೇಲ್ ಮಾಡಿದ್ದರೆ ಸಾಕಿತ್ತು.