ಕಾಫಿ ಕೊಡಬಾರದ ಅತಿಥಿ

ಮನೆಗೆ ಬಂದವರನ್ನು ಒಂದು ಲೋಟ ಕಾಫಿಯನ್ನೂ ಕುಡಿಸದೆ ಕಳುಹಿಸಿದರೆ, ಚಿಕ್ಕಮಗಳೂರಿನಲ್ಲಿ ಅದು ಮುಂದಿನ ಮದುವೆಮನೆಯವರೆಗೂ ಆಡಿಕೊಳ್ಳುವ ಮಾತಾಗುತ್ತದೆ. ಕರೆಂಟಿನ ಮೀಟರು ನೋಡಲು ಬಂದವರಿಗೂ, ದಾರಿ ಕೇಳಲು ಗೇಟಿನ ಬಳಿ ನಿಂತವರಿಗೂ ಹಬೆಯಾಡುವ ಲೋಟ ಹಿಡಿಸಿದ ನಮ್ಮ ಮನೆಗೆ ಕಳೆದ ಜೂನ್ ತಿಂಗಳ ಮಳೆಯಲ್ಲಿ ಬಂದ ಅತಿಥಿಯೊಬ್ಬರಿಗೆ ಮಾತ್ರ ಕಾಫಿಯನ್ನು ತೋರಿಸಲೂ ಕೂಡದೆಂದು ವೈದ್ಯರು ತಾಕೀತು ಮಾಡಿದರು. ಕೆಫೀನ್ ನಾಯಿಗಳಿಗೆ ವಿಷ. ಚಾಕೊಲೇಟು, ದ್ರಾಕ್ಷಿ, ಈರುಳ್ಳಿಗಳೂ ಅದೇ ಪಂಕ್ತಿಯವು. ಈರುಳ್ಳಿಯಿಲ್ಲದೆ ನಮ್ಮ ಅಡುಗೆ ಇಲ್ಲ, ಕಾಫಿಯಿಲ್ಲದೆ ನಮ್ಮ ಮಾತಿಲ್ಲ. ಹಾಗಾದರೆ ಉಪಚಾರ ಮಾಡುವುದು ಯಾವುದರಿಂದ ಎಂದು ನನ್ನ ಹೆಂಡತಿ ನಿಜವಾಗಿಯೂ ಚಿಂತೆಗೆ ಬಿದ್ದಳು.

ಬಂದದ್ದು ಆಶ್ರಯ ಕೇಂದ್ರದಿಂದ ತಂದ, ಎರಡು ವರ್ಷದ, ಕಪ್ಪು ಬಣ್ಣದ ನಾಡನಾಯಿ. ಸಂತಾನಹರಣ ಚಿಕಿತ್ಸೆಯಾಗಿದೆ ಎಂಬುದಕ್ಕೆ ಗುರುತಾಗಿ ಒಂದು ಕಿವಿಯ ತುದಿ ಕತ್ತರಿಸಿತ್ತು. ಬಹಳ ಕಾಲ ಹಳಗನ್ನಡ ಪಾಠ ಮಾಡಿದ ಚಟದಿಂದ ನಾನು ಅದಕ್ಕೆ ಕಾಳಿ ಎಂದು ಹೆಸರಿಟ್ಟೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ವೀರಗಲ್ಲಿನಲ್ಲಿರುವ ಕಾಳಿ ಗಂಗರ ಕಾಲದ ಬೇಟೆನಾಯಿ. ಕಾಡುಹಂದಿಯೊಡನೆ ಹೋರಾಡಿ, ಅದನ್ನೂ ಕೊಂದು ತಾನೂ ಸತ್ತು, ಕಲ್ಲಿನ ಮೇಲೆ ಉಳಿದದ್ದು. ನಮ್ಮ ಕಾಳಿಯಾದರೋ ಕುಕ್ಕರಿನ ಮೊದಲ ಸೀಟಿಗೇ ಮಂಚದ ಕೆಳಗೆ ಓಡಿಹೋಗಿ, ಎರಡು ದಿನ ಅಲ್ಲಿಂದ ಹೊರಗೆ ಬರಲಿಲ್ಲ.

ಆಶ್ರಯ ಕೇಂದ್ರದ ಹೆಣ್ಣುಮಗಳೊಬ್ಬಳು ಮೊದಲೇ ಒಂದು ಲೆಕ್ಕ ಹೇಳಿದ್ದಳು: ಹೆದರಿಕೆ ಇಳಿಯಲು 3 ದಿನ, ಮನೆಯ ರೀತಿ ರಿವಾಜು ತಿಳಿಯಲು 3 ವಾರ, ಇದು ತನ್ನದೇ ಮನೆಯೆಂದು ನಂಬಲು 3 ತಿಂಗಳು. ಇದು ಕೆಲವು ನಾಯಿಗಳಿಗೆ ಹೆಚ್ಚೂ ಕೆಲವಕ್ಕೆ ಕಡಿಮೆಯೂ ಆಗುವ, ಅನುಭವದಿಂದ ಬಂದ ಅಂದಾಜು. ಮೂಡಿಗೆರೆಯ ತೋಟದಲ್ಲಿರುವ ನಮ್ಮ ಅತ್ತಿಗೆ ಇದನ್ನು ಫೋನಿನಲ್ಲಿ ಕೇಳಿ, “ನಾಯಿಗೂ ಮೂರು ತಿಂಗಳು ರಜೆಯೇ?” ಎಂದರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ತೋಟದ ನಾಯಿ ಎಂದರೆ ಕಣದಲ್ಲಿ ಒಣಹಾಕಿದ ಕಾಫಿಯನ್ನು ಕಾಯುವ, ಚಿರತೆಯ ಭಯಕ್ಕೆ ಕತ್ತಿಗೆ ಮುಳ್ಳಿನ ಪಟ್ಟಿ ಕಟ್ಟಿಸಿಕೊಂಡ ನೌಕರ. ಅದು ಸೇರಿದ ದಿನವೇ ಕೆಲಸಕ್ಕೆ ಹಾಜರಾಗಬೇಕು.

ನಮಗೆ ನಿಜವಾಗಿ ಕಷ್ಟವಾದದ್ದು ನಾಯಿಯನ್ನು ಸಾಕುವುದಲ್ಲ, ಅದನ್ನು ಅದರ ಪಾಡಿಗೆ ಬಿಡುವುದು. ಊಟಕ್ಕೆ ಕುಳಿತವರ ಎಲೆಯ ಮೇಲೆ ಬೇಡ ಬೇಡವೆಂದರೂ ಇನ್ನೊಂದು ಕಡುಬು ಇಟ್ಟೇ ತೀರುವ ಜನ ನಾವು. ಮೌನವಾಗಿ ಕುಳಿತ ನೆಂಟರಿಗೆ ಏನೋ ಬೇಸರವಾಗಿದೆಯೆಂದು ಮತ್ತಷ್ಟು ಮಾತನಾಡಿಸುವವರು. ಅಂಥವರು ಮಂಚದ ಕೆಳಗಿನಿಂದ ನೋಡುತ್ತಿರುವ ಎರಡು ಕಣ್ಣುಗಳ ಮುಂದೆ, ಏನೂ ಕಾಣದವರಂತೆ ಪೊರಕೆ ಹಿಡಿದು ಓಡಾಡುವುದು ಸುಲಭವೇ? ತಲೆಯ ಮೇಲೆ ಕೈಯಿಡುವುದು ನಮ್ಮಲ್ಲಿ ಆಶೀರ್ವಾದ, ಆದರೆ ಹೆದರಿದ ನಾಯಿಗೆ ಮೇಲಿನಿಂದ ಇಳಿಯುವ ಕೈ ಬರೀ ಏಟಿನ ನೆನಪು. ಬಗ್ಗಿ ನೋಡಬಾರದು, ದಿಟ್ಟಿಸಬಾರದು, ಎದುರಾಗಿ ಕೂರದೆ ಓರೆಯಾಗಿ ಕೂರಬೇಕು ಎಂಬ ಪಾಠವನ್ನು ನಾನು ಅಕ್ಷರಶಃ ಪಾಲಿಸಿ, ಕೆಂಪು ಗಾರೆಯ ನೆಲದ ಮೇಲೆ ಮಂಚಕ್ಕೆ ಬೆನ್ನು ಮಾಡಿಕೊಂಡು ಪತ್ರಿಕೆಯನ್ನು ಜಾಹೀರಾತುಗಳ ಸಮೇತ ಓದಿದೆ. ನನ್ನ ಮೊಣಕಾಲುಗಳು ಇದನ್ನು ಇನ್ನೂ ಕ್ಷಮಿಸಿಲ್ಲ.

ಅದು ಆಗಾಗ ದೊಡ್ಡದಾಗಿ ಆಕಳಿಸುತ್ತಿತ್ತು. “ಪಾಪ, ನಿದ್ದೆ ಬಂದಿದೆ” ಎಂದು ಹೆಂಡತಿ ದೀಪ ಆರಿಸಿಬಿಡುತ್ತಿದ್ದಳು. ನಿದ್ದೆಯಿಲ್ಲದೆಯೂ ನಾಯಿ ಆಕಳಿಸುವುದು, ಬರಿದೇ ತುಟಿ ನೆಕ್ಕುವುದು, ಮುಖ ಬೇರೆಡೆಗೆ ತಿರುಗಿಸುವುದು, ಇವೆಲ್ಲ ಕಳವಳದ ಲಕ್ಷಣಗಳೆಂದು ಗೊತ್ತಾದದ್ದು ಆಮೇಲೆ. ನಾವು ಒಂದು ವಾರ ಪೂರ್ತಿ ಅದರ ಭಯಕ್ಕೆ ಜೋಗುಳ ಹಾಡಿದ್ದೆವು.

ಮೊದಲ ಕೆಲವು ದಿನ ಆಶ್ರಯ ಕೇಂದ್ರದ ಆಹಾರವನ್ನೇ ಕೊಟ್ಟು, ಮನೆಯದನ್ನು ಅದರೊಡನೆ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಬರಬೇಕು; ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡುತ್ತದೆ. ಐದನೆಯ ದಿನ ಹೆಂಡತಿಯ ಅತಿಥಿಸತ್ಕಾರ ಕಟ್ಟೆಯೊಡೆದು, ತುಪ್ಪದಲ್ಲಿ ಅದ್ದಿದ ಕಡುಬೊಂದು ಮಂಚದ ಕೆಳಗೆ ಹೋಯಿತು. ಅದರ ಫಲವನ್ನು ರಾತ್ರಿ ಎರಡು ಗಂಟೆಗೆ ಒರೆಸಿದವನು ನಾನು.

ಮಗಳು ಬೆಂಗಳೂರಿನಿಂದ ಕಳುಹಿಸಿದ ಮೆತ್ತನೆಯ ಹಾಸಿಗೆಯನ್ನು ಕಾಳಿ ಮೂಸಿ ನೋಡಿ ಬಿಟ್ಟಿತು. ಒಂದು ಮುಂಜಾನೆ ನೋಡಿದರೆ, ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಾಫಿ ಗೋಣಿಚೀಲವೊಂದರ ಮೇಲೆ ಸುರುಳಿಯಾಗಿ ಮಲಗಿತ್ತು. ಗೋಣಿಯನ್ನು ನಡುಮನೆಗೆ ತಂದು ಹಾಸಿದೆವು. ಅದರ ಹಿಂದೆಯೇ ಕಾಳಿಯೂ ಬಂದಿತು. ಕೊಡಬಾರದ ಕಾಫಿಯ ವಾಸನೆಯಲ್ಲಿಯೇ ಅದಕ್ಕೆ ಮೊದಲ ನೆಮ್ಮದಿಯ ನಿದ್ದೆ ಬಂದದ್ದನ್ನು ವೈದ್ಯರಿಗೆ ತಿಳಿಸಿಲ್ಲ. ಅಲ್ಲಿಂದ ಮುಂದೆ ಕೆಲಸ ಚುರುಕಾಗಿ ಸಾಗಿತು. ದಿನಕ್ಕೆ ಎರಡು ಸಲ ಒಂದೇ ಹೊತ್ತಿಗೆ ಊಟ, ಮಳೆ ಬಿಟ್ಟಾಗ ಹಗ್ಗ ಹಿಡಿದು ಒಂದೇ ದಾರಿಯಲ್ಲಿ ತಿರುಗಾಟ, ಹಿಂದಿರುಗಿದ ಮೇಲೆ ಕಾಲ್ಬೆರಳುಗಳ ಸಂದಿಯಲ್ಲಿ ಇಂಬಳ, ಉಣ್ಣೆಗಳ ಹುಡುಕಾಟ. ಮೊದಲು ಮುದುಡಿಕೊಳ್ಳುತ್ತಿದ್ದ ಪಾದವನ್ನು ಆಗಸ್ಟ್ ಹೊತ್ತಿಗೆ ತಾನೇ ಎತ್ತಿ ಕೊಡತೊಡಗಿತು.

ಸೆಪ್ಟೆಂಬರಿನಲ್ಲಿ ಮೂಡಿಗೆರೆಯ ಅತ್ತಿಗೆ ಬಂದರು. ತೋಟದ ನಾಯಿಗಳ ನಡುವೆಯೇ ಬಾಳಿದವರು ಮನೆಯೊಳಗಿನ ನಾಯಿಯನ್ನು ಕಂಡದ್ದೇ ಎರಡು ಕಾಲನ್ನೂ ಕುರ್ಚಿಯ ಮೇಲೆ ಎಳೆದುಕೊಂಡು, ಸೆರಗು ಬಿಗಿದು, ಕಣ್ಣು ಮಿಟುಕಿಸದೆ ಅದನ್ನೇ ದಿಟ್ಟಿಸುತ್ತ ಕುಳಿತರು. ಕಾಳಿ ಗೋಣಿಯಿಂದ ಎದ್ದು ನಾಲ್ಕು ಹೆಜ್ಜೆ ಬಂದು ನಿಂತಿತು. ಆಮೇಲೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ, ಅವರಿಗೆ ಓರೆಯಾಗಿ ಕುಳಿತು, ಬಾಯ್ತುಂಬ ಆಕಳಿಸಿತು.

“ನಿದ್ದೆ ಬಂದಿರಬೇಕು ಅದಕ್ಕೆ” ಎಂದರು ಅತ್ತಿಗೆ.

ಇರಬಹುದು ಎಂದೆ. ಹೆಂಡತಿ ಕಾಫಿ ತರಲು ಒಳಗೆ ಹೋದಳು.